ತೆಂಗಿನ ಸಾಲಿನಲ್ಲಿ ಸ್ಲಾಲಮ್

ಸರ್ವಮಂಗಳಮ್ಮ ಯಾರಿಗೂ ಹೆದರುವ ಹೆಂಗಸಲ್ಲ. ಅಮೃತೂರಿನ ಆಚೆಗಿರುವ ತಮ್ಮ ಊರಿಂದ ಪಕ್ಕದ ಊರಿನ ಅಂಗನವಾಡಿಗೆ ಹೋಗಿ, ಒಂದು ಗದರಿಕೆಗೆ ಅಷ್ಟೂ ಮಕ್ಕಳನ್ನು ಕೂರಿಸುತ್ತಿದ್ದರು, ಇನ್ನೊಂದಕ್ಕೆ ಮಲಗಿಸುತ್ತಿದ್ದರು. ಅವರಿಗಿದ್ದ ಕಷ್ಟ ಒಂದೇ. ಅಂಗನವಾಡಿ ತಲುಪಬೇಕಾದರೆ ಗಂಡ ಮಲ್ಲಿಕಾರ್ಜುನ್ ಬೈಕ್ ತೆಗೆಯಬೇಕು. ಮಲ್ಲಿಕಾರ್ಜುನ್ ಬೈಕ್ ತೆಗೆಯಬೇಕಾದರೆ ತೋಟದ ಮೋಟರಿಗೆ ಕರೆಂಟು ಬಂದು ಹೋಗಬೇಕು. ಕರೆಂಟು ಯಾವಾಗ ಬರುತ್ತದೆ ಎಂಬುದು ಕರೆಂಟಿಗೇ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ಮಣ್ಣಾಡುತ್ತಿದ್ದವು. ಮೇಲ್ವಿಚಾರಕಿ ಬಂದು ಅದನ್ನು ಕಂಡವರು, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ಹುಡುಕಬೇಕಾಗುತ್ತದೆ ಎಂದು ಮೆತ್ತಗೆ ಹೇಳಿ ಹೋದರು. ಮೆತ್ತಗೆ ಹೇಳಿದ್ದೇ ಸರ್ವಮಂಗಳಮ್ಮನಿಗೆ ಚುಚ್ಚಿತು.

"ರೀ, ನಾನು ಸ್ಕೂಟರ್ ಕಲೀತೀನಿ."

"ಕಲಿ. ತೆಂಗಿನಮರಕ್ಕೆ ಗುದ್ದಬೇಡ. ಫಸಲಿದೆ," ಎಂದ ಮಲ್ಲಿಕಾರ್ಜುನ್.

ಕಲಿಸಲು ಬಂದವನು ಕುಣಿಗಲ್‌ನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದ ಅಂಜನ್‌ಕುಮಾರ್. ಆ ಫೆಬ್ರವರಿಯಲ್ಲಿ ಅವನು ಹಗಲೆಲ್ಲ ಫೋನಿನಲ್ಲಿ ಚಳಿಗಾಲದ ಒಲಿಂಪಿಕ್ಸ್ ನೋಡುತ್ತಿದ್ದ. ಮಂಜಿನ ಗುಡ್ಡದಿಂದ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡವರು ನೆಟ್ಟ ಕೋಲುಗಳ ನಡುವೆ ಹಾವಿನಂತೆ ಬಳುಕಿ ಇಳಿಯುವ ಆಟ ಅವನ ತಲೆಗೇರಿತ್ತು. ತೆಂಗಿನ ಸಾಲಿನ ನಡುವೆ ಸ್ಕೂಟರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಲು ಹೇಳಿ, "ಅಕ್ಕ, ಇದಕ್ಕೆ ಸ್ಲಾಲಮ್ ಅಂತಾರೆ," ಎಂದ.

"ಏನಪ್ಪ ಹಂಗಂದ್ರೆ?"

"ನಾರ್ವೆ ದೇಶದ ಮಾತು. ಸ್ಲಾ ಅಂದ್ರೆ ಸ್ವಲ್ಪ ಇಳಿಜಾರಾಗಿರೋ ಗುಡ್ಡದ ಪಕ್ಕೆ. ಲಾಮ್ ಅಂದ್ರೆ ಮಂಜಲ್ಲಿ ಹಲಗೆ ಜಾರ್ಕೊಂಡು ಹೋದ ಜಾಡು. ಅಲ್ಲಿ ಟೆಲಿಮಾರ್ಕ್ ಅಂತ ಒಂದು ಸೀಮೆ. ಬೇಸಾಯದವರೇ ಇಟ್ಟ ಹೆಸರಂತೆ. ಎಗರೋ ಜಾಡಿಗೊಂದು ಹೆಸರು, ಕಡಿದಾದ ಜಾಡಿಗೊಂದು ಹೆಸರು. ಈ ಸ್ಲಾಲಮ್ಮು ಹೊಸದಾಗಿ ಕಲಿಯೋರ್ದು."

"ಕೋಲು ಯಾರು ನೆಟ್ಟಿದ್ರು?"

"ಅದೆಲ್ಲ ಆಮೇಲೆ ಬಂದಿದ್ದು, ರೇಸು ಶುರುವಾದ್ಮೇಲೆ. ಮೊದಮೊದಲು ಗುಡ್ಡದಲ್ಲಿ ಏನು ಅಡ್ಡ ಬರುತ್ತೋ ಅದನ್ನ ಸುತ್ಕೊಂಡು ಇಳಿಯೋದೇ. ಮರ, ಬಂಡೆ..."

"ಭಾವ?" ಎಂದರು ಸರ್ವಮಂಗಳಮ್ಮ.

ಅವರು ತಮಾಷೆ ಮಾಡುತ್ತಿರಲಿಲ್ಲ. ತೋಟದ ಆ ತುದಿಯಲ್ಲಿ ಗಂಡನ ಅಣ್ಣ ಕರಿಬಸವಯ್ಯ ಬಿಳಿ ಪಂಚೆ ಉಟ್ಟು ಬರುತ್ತಿದ್ದರು. ಭಾವನ ಎದುರು ಕೂತಿರಬಾರದು ಎಂಬುದು ಸರ್ವಮಂಗಳಮ್ಮ ಗುಬ್ಬಿಯ ತವರಿನಿಂದ ತಂದ ನಡವಳಿಕೆ. ಕುರ್ಚಿಯಾದರೇನು, ಸ್ಕೂಟರಾದರೇನು. ತಕ್ಷಣ ಬ್ರೇಕು ಒತ್ತಿ, ಎರಡೂ ಕಾಲು ನೆಲಕ್ಕೆ ಕೊಟ್ಟು, ತಲೆ ಮೇಲೆ ಸೆರಗು ಎಳೆದು ನಿಂತರು. ಕರಿಬಸವಯ್ಯನೂ ಕಮ್ಮಿಯಿಲ್ಲ. ತಮ್ಮನ ಮದುವೆಯಾದಾಗಿನಿಂದ ಅವರು ಸರ್ವಮಂಗಳಮ್ಮನೊಂದಿಗೆ ನೇರ ಮಾತಾಡಿದವರಲ್ಲ.

"ತೆಂಗಿನಮರವೇ, ಚೆನ್ನಾಗಿ ಕಲಿಯೋಕೆ ಹೇಳು," ಎಂದು ಮರಕ್ಕೆ ಹೇಳಿ ಮುಂದೆ ಹೋದರು.

ದಿನಾ ಹೀಗೇ ನಡೆಯಿತು. ಸರ್ವಮಂಗಳಮ್ಮ ಚೆನ್ನಾಗಿಯೇ ಕಲಿತರು. ಜೊತೆಗೆ, ಯಾರೂ ಕಲಿಸದೆ, ಬಿಳಿ ಪಂಚೆ ಕಂಡ ಕೂಡಲೇ ಕಾಲು ಕೊಡುವುದನ್ನೂ ಕಲಿತರು.

ತುಮಕೂರಿನಲ್ಲಿ ಲೈಸೆನ್ಸ್ ಪರೀಕ್ಷೆಯ ದಿನ ಬಂತು. ನೆಲದ ಮೇಲೆ ಎಂಟರ ಆಕಾರದ ಗೆರೆ, ಅಕ್ಕಪಕ್ಕ ಕೋಲುಗಳು. ಕಾಲು ನೆಲಕ್ಕೆ ತಾಗಿದರೆ ಫೇಲು. ಅಂಜನ್‌ಕುಮಾರ್ ಕಿವಿಯಲ್ಲಿ ಹೇಳಿದ: "ಒಲಿಂಪಿಕ್ಸಲ್ಲಿ ಕೋಲಿಗೆ ಮೈ ತಾಗಿದ್ರೂ ನಡೆಯುತ್ತೆ ಅಕ್ಕ, ಇಲ್ಲಿ ನಡೆಯಲ್ಲ. ನೋಡ್ಕೊಂಡು."

ಮೊದಲ ತಿರುವು ಬೆಣ್ಣೆಯಂತೆ ಹೋಯಿತು. ಎರಡನೆಯ ತಿರುವಿನಲ್ಲಿ ಬೇಲಿಯಾಚೆ ಕರಿಬಸವಯ್ಯ ಕಂಡರು. ಮನೆ ಸೊಸೆ ಗೆಲ್ಲುವುದನ್ನು ನೋಡಬೇಕೆಂದು ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದರು. ಒಗೆದ ಬಿಳಿ ಪಂಚೆ ಬೇರೆ.

ಸರ್ವಮಂಗಳಮ್ಮನ ಎರಡೂ ಕಾಲು ನೆಲಕ್ಕೆ ಬಂದವು. ಕೈ ಸೆರಗು ಹುಡುಕಿತು. ತಲೆ ಮೇಲೆ ಹೆಲ್ಮೆಟ್ ಇದ್ದದ್ದರಿಂದ ಸೆರಗನ್ನು ಹೆಲ್ಮೆಟ್ಟಿಗೇ ಹೊದಿಸಿದರು.

"ಯಾಕಮ್ಮ ನಿಲ್ಲಿಸಿದ್ರಿ?" ಎಂದರು ಇನ್‌ಸ್ಪೆಕ್ಟರು.

"ಭಾವ ಬಂದವ್ರೆ ಸರ್."

"ಯಾವ ಭಾವ? ಮುಂದಿನ ವಾರ ಬನ್ನಿ."

ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕರಿಬಸವಯ್ಯ ಜಗಲಿಯ ಕಂಬಕ್ಕೆ, "ನನ್ನಿಂದಲೇ ಆಯ್ತಲ್ಲಪ್ಪ," ಎಂದು ಹೇಳಿ ಹೇಳಿ ಕಂಬಕ್ಕೆ ಬೇಜಾರು ಬರಿಸಿದರು. ಮೇಲ್ವಿಚಾರಕಿ ಯಾವತ್ತು ಬೇಕಾದರೂ ಬರಬಹುದಿತ್ತು. ಮಲ್ಲಿಕಾರ್ಜುನ್ ಮಾತ್ರ, "ಅಣ್ಣನ್ನ ಮನೇಲಿ ಕೂಡಾಕಿ ಬರ್ತೀನಿ ಕಣೇ," ಎಂದ.

"ಬುಡಿ. ಇವತ್ತು ಮನೇಲಿ ಕೂಡಾಕ್ತೀರ. ನಾಳೆ ಅಂಗನವಾಡಿ ದಾರೀಲಿ ಎದುರಿಗೆ ಸಿಕ್ಕಿದ್ರೆ? ಬರ್ಲಿ ಅವರು."

ಪರೀಕ್ಷೆಗೆ ಎಲ್ಲರೂ ಹೋದರು. ಸರದಿ ಬಂದಾಗ ಸರ್ವಮಂಗಳಮ್ಮ ಸ್ಕೂಟರನ್ನು ಗೆರೆಯ ತನಕ ತಳ್ಳಿಕೊಂಡು ಹೋಗಿ, ನಿಂತು, ಬೇಲಿಯತ್ತ ನೋಡಿದರು.

"ಭಾವ," ಎಂದರು. "ಒಂಚೂರು ಆ ಕಡೆ ತಿರುಗಿ ನಿಂತ್ಕೊಳಿ."

ಕರಿಬಸವಯ್ಯ ಅಕ್ಕಪಕ್ಕ ನೋಡಿದರು. ಮರವಿರಲಿಲ್ಲ, ಕಂಬವೂ ಇರಲಿಲ್ಲ. ಮಾತು ತಮಗೇ ಎಂದು ಗೊತ್ತಾದಾಗ, "ಆಗ್ಲಿ ತಾಯಿ," ಎಂದು ಹಿಂದಿದ್ದ ಗೋಡೆ ಕಡೆ ಮುಖ ಮಾಡಿ ಕೈಕಟ್ಟಿ ನಿಂತರು. ಸ್ಕೂಟರಿನ ಸದ್ದು ಶುರುವಾಯಿತು.

"ಹೊಂಟ್ಳೇನಪ್ಪ?"

"ಹೊರಟ್ರು ಯಜಮಾನ್ರೇ," ಎಂದ ಅಂಜನ್‌ಕುಮಾರ್.

"ಕಾಲು ಕೊಟ್ಳಾ?"

"ಇಲ್ಲ, ಇಲ್ಲ. ಒಂದು ತಿರುವು ದಾಟಿದ್ರು... ಆಹಾ, ಏನು ಬಳುಕು! ನಾರ್ವೆಯವರೂ..."

"ನಾರ್ವೆ ಮನೆ ಹಾಳಾಗ, ನಮ್ಮೋಳ ಕತೆ ಹೇಳೋ!"

"ಪಾಸು!" ಎಂದು ಇನ್‌ಸ್ಪೆಕ್ಟರೇ ಕೂಗಿದರು. "ಇಳೀರಮ್ಮ, ಆಯ್ತು."

ಸ್ಕೂಟರಿನ ಸದ್ದು ನಿಲ್ಲಲಿಲ್ಲ. ಕರಿಬಸವಯ್ಯ ಗೋಡೆಗೆ ಮುಖ ಮಾಡಿಕೊಂಡೇ, ಗಟ್ಟಿಯಾಗಿ, ಈ ಸಲ ನೇರ ತಮ್ಮನ ಹೆಂಡತಿಗೇ ಕೇಳಿದರು:

"ಮಂಗಳಮ್ಮ, ಈಗ ತಿರುಗಲಾ?"

"ಇನ್ನೊಂಚೂರು ಇರಿ ಭಾವ. ಇನ್ನೊಂದು ಸುತ್ತು ಹೊಡ್ಕೊಂಡು ಬರ್ತೀನಿ."