ಮುಟ್ಟದೆ ಕಟ್ಟಿದ ಕೈ

ಮೊದಲು ಸಪ್ಪಳ ಕೇಳಿಸಿತು. ಒಣಗಿದ ಜೋಳದ ದಂಟು ಮುರಿದ ಹಾಗೆ, ಮೈಯ ಒಳಗಿನಿಂದ. ನೋವು ಆಮೇಲೆ ಬಂತು.

ಅಂದು ಭಾನುವಾರ. ಮೂಡಲಗಿಯ ಹತ್ತಿರದ ನಮ್ಮ ಊರಿನಲ್ಲಿ, ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಕೆಳಗಿನ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಕಾಲು ಜಾರಿತು. ಮುಖ ಕಲ್ಲಿಗೆ ಬಡಿಯದಿರಲೆಂದು ಬಲಗೈ ಊರಿದೆ. ಇಡೀ ಮೈಯ ಭಾರ ಆ ಅಂಗೈ ಮೇಲೆ ಬಿತ್ತು. ಎದ್ದು ನೋಡಿದರೆ ಮೊಣಕೈಗೂ ಮಣಿಕಟ್ಟಿಗೂ ನಡುವೆ ನನ್ನ ಕೈ ಬಾಗಿತ್ತು. ಅಲ್ಲಿ ಬಾಗುವ ಕೀಲು ಯಾರಿಗೂ ಇರುವುದಿಲ್ಲ.

ನಮ್ಮ ಓಣಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೊದಲ ಹುಡುಗಿ ನಾನು. ಊರಿನ ಶಾಲೆಯಲ್ಲಿ ಕಲಿಸುತ್ತಿದ್ದೆ. ಮಕ್ಕಳು ನನ್ನನ್ನು ಅಕ್ಕೋರು ಎನ್ನುತ್ತಿದ್ದರು; ಅವರ ತಾಯಂದಿರು ಎನ್ನುತ್ತಿರಲಿಲ್ಲ. ಅಪ್ಪ ಬೇರೆಯವರ ಹೊಲದಲ್ಲಿ ಕಬ್ಬು ಕಡಿಯುವವನು. ಅವನು ಬಿಗಿದ ಕಬ್ಬಿನ ಕಟ್ಟು ಎಷ್ಟು ದೂರ ಗಾಡಿಯಲ್ಲಿ ಹೋದರೂ ಸಡಿಲವಾಗುವುದಿಲ್ಲ ಎಂದು ಹೆಸರಿತ್ತು. ಎರಡು ವರ್ಷದ ಹಿಂದೆ ನಮ್ಮ ಓಣಿಯವರೆಲ್ಲ ಬೌದ್ಧರಾಗಿದ್ದರು. ಗೋಡೆಯ ಮೇಲೆ ಬುದ್ಧನ ಚಿತ್ರ ಬಂದಿತ್ತು. ಊರು ಮಾತ್ರ ಇದ್ದಂತೆಯೇ ಇತ್ತು.

ಕೈ ಮುರಿದರೆ ನಮ್ಮ ಕಡೆಯವರೆಲ್ಲ ಹುಕ್ಕೇರಿ ಸೀಮೆಯ ಒಬ್ಬ ಹಿರಿಯರ ಹತ್ತಿರ ಹೋಗುತ್ತಿದ್ದರು. ಎಲುಬು ಕೂಡಿಸುವುದರಲ್ಲಿ ಅವರದು ದೊಡ್ಡ ಹೆಸರು. ಮರುದಿನ ಅಪ್ಪ ನನ್ನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದ. ಬಸ್ಸು ಕುಲುಕಿದಾಗೆಲ್ಲ ಒಳಗೆ ಎಲುಬಿನ ತುದಿಗಳು ಒಂದಕ್ಕೊಂದು ಉಜ್ಜುವುದು ಗೊತ್ತಾಗುತ್ತಿತ್ತು.

ನಮಗಿಂತ ಮುಂಚೆ ಒಬ್ಬ ಮುದುಕಿ ಬಂದಿದ್ದಳು. ಅವಳದು ಮಣಿಕಟ್ಟು. ಹಿರಿಯರು ಅವಳನ್ನು ತಮ್ಮ ಕಟ್ಟೆಯ ಮೇಲೆ ಕೂರಿಸಿಕೊಂಡು, ಕಣ್ಣು ಮುಚ್ಚಿ ಎರಡೂ ಹೆಬ್ಬೆರಳಿನಿಂದ ಅವಳ ಕೈಯನ್ನು ಹುಡುಕುತ್ತ ಹೋದರು. ಎಲ್ಲಿ ಸರಿದಿದೆ, ಎಲ್ಲಿ ಬಾತಿದೆ ಎಂದು ಬೆರಳಿನಿಂದಲೇ ನೋಡಿದರು. ಕಟ್ಟಿದ ಮೇಲೂ ಅವಳ ಉಗುರು ಒತ್ತಿ, ಬಣ್ಣ ತಿರುಗಿ ಬರುವ ತನಕ ಕಾದರು. ಒಂದು ಕಡೆ ಬಿಗಿಯಾಯಿತೆಂದು ಬಿಚ್ಚಿ ಮತ್ತೆ ಕಟ್ಟಿದರು. ನನಗೆ ಧೈರ್ಯ ಬಂತು.

ನಮ್ಮ ಸರದಿ ಬಂದಾಗ ಯಾವ ಓಣಿಯವರೆಂದು ಕೇಳಿದರು. ಅಪ್ಪ ಹೇಳಿದ. ನಾನು ಶಾಲೆಯಲ್ಲಿ ಕಲಿಸುತ್ತೇನೆ ಎಂಬುದನ್ನೂ ಹೇಳಿದ.

"ಅಕಿನ್ನ ಅಲ್ಲೇ ಕೆಳಗ ಕುಂದ್ರಸು," ಅಂದರು ಹಿರಿಯರು. "ನಾ ಹೇಳಿದಂಗ ನೀನ ಕಟ್ಟು."

ಕಟ್ಟೆಯ ಮೇಲಿನಿಂದ ಬಿದಿರಿನ ದಬ್ಬೆಗಳು ಬಿದ್ದವು. ಬಟ್ಟೆಯ ಪಟ್ಟಿ ಬಿತ್ತು. ತತ್ತಿಯ ಬಿಳಿಯಲ್ಲಿ ಪಟ್ಟಿ ನೆನೆಸು ಎಂದರು, ಕೈ ಹಿಡಿದು ಜಗ್ಗು ಎಂದರು. ಅಪ್ಪ ಜಗ್ಗಿದ. ನಾನು ಸೆರಗು ಕಚ್ಚಿದೆ. ಸುತ್ತು ಎಂದರು, ಬಿಗಿ ಎಳಿ ಎಂದರು, ಇನ್ನೂ ಬಿಗಿ ಎಂದರು. ಅಪ್ಪ ತನಗೆ ಗೊತ್ತಿದ್ದ ಹಾಗೆ ಎಳೆದ. ಬೆರಳು ಜುಮುಜುಮು ಎನ್ನುತ್ತಿವೆ ಎಂದು ನಾನೇ ಹೇಳಿದೆ. ಅವರು ನನ್ನ ಕಡೆ ನೋಡದೆ ಅಪ್ಪನಿಗೆ ಉತ್ತರ ಕೊಟ್ಟರು.

"ಎಲುವು ಕೂಡಬೇಕಂದ್ರ ನೋಯಬೇಕು. ಹುಣ್ಣಿವಿ ತನಕ ಬಿಚ್ಚಬ್ಯಾಡ."

ಅವರು ನನ್ನ ಕೈ ಮುಟ್ಟಲಿಲ್ಲ.

ಬಟ್ಟೆ ಒಣಗಿದಂತೆ ಕಲ್ಲಾಯಿತು. ಒಳಗೆ ಕೈ ಬಾಯುತ್ತಿತ್ತು. ಹಿಗ್ಗಲು ಜಾಗ ಇರಲಿಲ್ಲ. ಮನೆ ಸೇರುವಷ್ಟರಲ್ಲಿ ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಅವ್ವ ಒಂದು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಲು ಹೋದರೆ ಮೊಣಕೈ ತನಕ ಸೀಳಿದಂತಾಗುತ್ತಿತ್ತು. ಎಲುಬು ಮುರಿದಾಗ ಆದದ್ದು ಒಂದು ನೋವು. ಇದು ಬೇರೆ. ಯಾವ ಕಡೆ ಹೊರಳಿದರೂ ತಪ್ಪದು, ಅತ್ತರೂ ಇಳಿಯದು. ಬಿಚ್ಚಲೇ ಎಂದು ಅವ್ವ ಅಪ್ಪನನ್ನು ಕೇಳುವಳು. ಹಿರಿಯರು ಬೇಡವೆಂದಿದ್ದಾರೆ ಎನ್ನುವನು ಅಪ್ಪ. ಅವ್ವ ಬುದ್ಧನಿಗೆ ಊದಿನಕಡ್ಡಿ ಹಚ್ಚಿದಳು. ಅಪ್ಪನಿಗೆ ಕಾಣದಂತೆ ಹಿಂದಿನ ದೇವಿ ದ್ಯಾಮವ್ವನಿಗೂ ಹರಕೆ ಹೊತ್ತಳು.

ಆಮೇಲೆ ನೋವು ನಿಂತಿತು.

ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ನಾನು ಅಂಬಲಿ ಕುಡಿದೆ. ಮಧ್ಯಾಹ್ನ ಒರಗಿ ಕೂತಿದ್ದಾಗ ಅವ್ವ ಒಮ್ಮೆಲೆ ನನ್ನ ಕೈ ಕಡೆ ಓಡಿ ಬಂದಳು. ಬೆರಳ ತುದಿಗೆ ಕೆಂಪಿರುವೆ ಮುತ್ತಿದ್ದವು, ಕಚ್ಚುತ್ತಿದ್ದವು. ನಾನು ಅವನ್ನು ನೋಡುತ್ತಿದ್ದೆ. ಯಾರದೋ ಕೈಗೆ ಕಚ್ಚುತ್ತಿವೆ ಎನ್ನಿಸುತ್ತಿತ್ತು.

ಅಪ್ಪ ಕೂಡಲೇ ಎದ್ದ. ನನ್ನನ್ನು ಎಬ್ಬಿಸಿ ಗೋಕಾಕದ ಬಸ್ಸು ಹತ್ತಿಸಿದ.

ಗೋಕಾಕದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ನಾನು ಶಾಲೆಯಲ್ಲಿ ಕಲಿಸುವುದನ್ನು ಅಪ್ಪ ಅವರಿಗೂ ಹೇಳಿದ. ಕತ್ತರಿ ಹಿಡಿದು ಕಟ್ಟನ್ನು ಉದ್ದಕ್ಕೂ ಕತ್ತರಿಸಿದರು. ವಾಸನೆ ಬಂತು. ದಬ್ಬೆ ಒತ್ತಿದಲ್ಲೆಲ್ಲ ಚರ್ಮ ಕಪ್ಪಾಗಿ ನೀರುಗುಳ್ಳೆ ಎದ್ದಿತ್ತು. ಅವರು ನನ್ನ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ, ತಮ್ಮ ಬೆರಳುಗಳನ್ನಿಟ್ಟು ಕಾದರು. ಸ್ವಲ್ಪ ಸರಿಸಿ ಮತ್ತೆ ಕಾದರು. ಅಷ್ಟು ಹೊತ್ತು ನಮ್ಮ ಓಣಿಯ ಹೊರಗಿನ ಯಾರೂ ನನ್ನ ಕೈ ಹಿಡಿದದ್ದಿಲ್ಲ.

"ಬೆರಳ ಅಲ್ಲಾಡಸ್ರಿ, ಅಕ್ಕೋರ."

ನಾನು ಅಲ್ಲಾಡಿಸಿದೆ. ಅಲ್ಲಾಡಿಸಿದೆ ಎಂದುಕೊಂಡೆ. ಬೆರಳು ಸುಮ್ಮನೆ ಬಿದ್ದಿದ್ದವು.

ಇದನ್ನು ಯಾರು ಕಟ್ಟಿದರು ಎಂದು ಡಾಕ್ಟರು ಕೇಳಿದರು. ಅಪ್ಪ ಹಿರಿಯರ ಹೆಸರು ಹೇಳಬಹುದಿತ್ತು, ಕಟ್ಟೆಯ ಮಾತು ಹೇಳಬಹುದಿತ್ತು.

"ನಾನರೀ," ಅಂದ.

ಡಾಕ್ಟರು ಬಯ್ಯಲು ಬಾಯಿ ತೆರೆದವರು ಅವನ ಮುಖ ನೋಡಿ ಎದ್ದು ಹೊರಗೆ ನಡೆದರು. ತಾವೇ ನಿಂತು ಬೆಳಗಾವಿಗೆ ಹೋಗುವ ಒಂದು ಜೀಪಿನಲ್ಲಿ ನಮ್ಮನ್ನು ಕೂರಿಸಿದರು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಮುಂಗೈಯಲ್ಲಿ ಎರಡು ಎಲುಬು ಇವೆ ಎಂಬುದನ್ನು ನಾನೇ ಮಕ್ಕಳಿಗೆ ಕಲಿಸಿದ್ದೆ. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವಾಗ ಒಂದು ಇನ್ನೊಂದರ ಮೇಲೆ ಹೊರಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೆರಳನ್ನು ಆಡಿಸುವ ಸ್ನಾಯುಗಳು ಬೆರಳಿನಲ್ಲಿ ಇರುವುದೇ ಇಲ್ಲ, ಮೊಣಕೈಯ ಕೆಳಗೆ ಒತ್ತೊತ್ತಾಗಿ ಇರುತ್ತವೆ, ದಾರದಂಥ ನಾರುಗಳು ಮಾತ್ರ ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ ಎಂದೂ ಗೊತ್ತಿರಲಿಲ್ಲ. ಇದನ್ನೆಲ್ಲ ಅಲ್ಲಿನ ಹಿರಿಯ ಸರ್ಜನ್ ತಮ್ಮ ಕೈಯನ್ನೇ ತೋರಿಸಿ ಹೇಳಿದರು. ಒಳಗೆ ಬಾವು, ಹೊರಗೆ ಬಿಗಿ. ನಡುವೆ ರಕ್ತದ ದಾರಿ ಮುಚ್ಚಿತ್ತು.

"ಎಲುವಿನ ಚಿಂತಿ ಬ್ಯಾಡ, ಅವು ಕೂಡ್ತಾವು," ಅಂದರು. "ಸತ್ತದ್ದು ಸ್ನಾಯು. ಅದು ಮತ್ತ ಹುಟ್ಟಂಗಿಲ್ಲ."

ಆಪರೇಶನ್ ಮಾಡಿ ಮುಂಗೈಯನ್ನು ಉದ್ದಕ್ಕೆ ಸೀಳಿದರು. ಸತ್ತದ್ದನ್ನು ತೆಗೆದರು, ಉಳಿದದ್ದನ್ನು ಉಳಿಸಿದರು. ಗಾಯ ತೆರೆದೇ ಇತ್ತು. ಡ್ರೆಸ್ಸಿಂಗ್ ಹೊತ್ತಿಗೆ ನರ್ಸ್ ಬರುವ ಚಪ್ಪಲಿಯ ಸದ್ದಿಗೇ ನನ್ನ ಮೈ ಬೆವರುತ್ತಿತ್ತು. ಕೈ ಕತ್ತರಿಸಬೇಕಾಗಬಹುದು ಎಂದಿದ್ದರು. ಕತ್ತರಿಸಲಿಲ್ಲ. ಮುಂದೆ ಪ್ಲಾಸ್ಟರ್ ಹಾಕಿದರು, ಮುಂದೆ ತೆಗೆದರು.

ಎಲುಬು ಚೆನ್ನಾಗಿ ಕೂಡಿತ್ತು.

ಆದರೆ ಉಳಿದ ಸ್ನಾಯು ಒಣ ತೊಗಲಿನ ಹಾಗೆ ಗಿಡ್ಡಾಗುತ್ತ ಬಂತು. ಅದು ಬೆರಳುಗಳನ್ನು ಒಳಗೆ ಎಳೆದುಕೊಂಡಿತು. ಬೆರಳಿಗೆ ಬಿಸಿ, ತಂಪು ಯಾವುದೂ ತಿಳಿಯುತ್ತಿರಲಿಲ್ಲ. ಈಗ ನನ್ನ ಬಲಗೈ ಹೀಗಿದೆ: ಮಣಿಕಟ್ಟನ್ನು ಒಳಗೆ ಮಡಚಿದರೆ ಬೆರಳು ತುಸು ಬಿಚ್ಚುತ್ತವೆ, ಮಣಿಕಟ್ಟು ನೆಟ್ಟಗಾದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೈ ಚಾಚಬಹುದು, ಹಿಡಿಯಲಾಗದು. ರೊಟ್ಟಿ ಬಡಿಯಲಾಗದು. ಸೀರೆಯ ನಿರಿಗೆ ಹಿಡಿಯಲಾಗದು. ಇಷ್ಟು ದೊಡ್ಡವಳಾಗಿ ಅವ್ವನ ಮುಂದೆ ಬೆನ್ನು ಮಾಡಿ ಕೂತು ಹೆರಳು ಹಾಕಿಸಿಕೊಳ್ಳುತ್ತೇನೆ. ಹೆಣ್ಣು ನೋಡಲು ಬರುತ್ತೇವೆ ಎಂದಿದ್ದವರು ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ಶಾಲೆಗೆ ಮರಳಿ ಹೋದೆ. ಎಡಗೈಯಲ್ಲಿ ಹಲಗೆಯ ಮೇಲೆ ಬರೆದ ಅಕ್ಷರ ಇಳಿಜಾರಿನಲ್ಲಿ ಹೋದವು. ಬರೆಯಲು ಬಾರದವಳು ಏನು ಕಲಿಸುತ್ತಾಳೆ ಎಂದು ಊರಿನ ಕೆಲವರು ಹೆಡ್ ಮಾಸ್ತರರ ಮುಂದೆ ಆಡಿದರು. ಅವರಿಗೆ ಮೊದಲಿನಿಂದಲೂ ಒಂದು ನೆಪ ಬೇಕಿತ್ತು. ಮಾಸ್ತರರು ನನ್ನನ್ನು ಬಿಡಿಸಲಿಲ್ಲ. ಇವತ್ತಿನ ತನಕ ಬಿಡಿಸಿಲ್ಲ ಎನ್ನುವುದು ಸರಿಯಾದ ಮಾತು.

ಅಪ್ಪನ ಮಾತು ಹೇಳಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಅವನು ನನ್ನ ಬಲಗಡೆ ಕೂರುವುದನ್ನು ಬಿಟ್ಟ. ಕಬ್ಬು ಕಡಿಯುವನು, ಕಟ್ಟುವ ಕೆಲಸವನ್ನು ಬೇರೆಯವರಿಗೆ ಬಿಡುವನು. ಒಂದು ದಿನ ಹೇಳದೆ ಹುಕ್ಕೇರಿ ಬಸ್ಸು ಹತ್ತಿದ. ಸಂಜೆ ಬಂದವನು ಉಣ್ಣಲಿಲ್ಲ. ಅವರಿಗೆ ಏನು ಕೇಳಿದಿ ಎಂದು ಅವ್ವ ಬಿಡದೆ ಕೇಳಿದಳು.

"ಏನ ಕೇಳ್ಲಿ? ಕಟ್ಟೀ ಕೆಳಗ ನಿಂತೆ, ಬಂದೆ," ಅಂದ. "ಕಟ್ಟಿದಾಂವ ನಾನ ಅಲ್ಲೇನ."

ನನಗೆ ಆ ಹಿರಿಯರ ಮೇಲಿನ ಸಿಟ್ಟು ನೆತ್ತಿಗೇರಿದ್ದು ಆಗ. ನನ್ನ ಕೈಗಾಗಿ ಅಲ್ಲ. ಮುಟ್ಟದೆ ದೂರ ಕೂತು, ಅಪ್ಪನ ಕೈಯಿಂದ ಕಟ್ಟಿಸಿ, ಪಾಪವನ್ನೂ ಅವನ ಕೈಗೇ ಕೊಟ್ಟು ಕಳಿಸಿದ್ದರು. ನಿನ್ನ ತಪ್ಪಲ್ಲ ಎಂದು ಅಪ್ಪನಿಗೆ ಎಷ್ಟು ಸಲ ಹೇಳಿದರೂ ಅವನು ಹೂಂ ಎನ್ನುತ್ತಿದ್ದ, ಅಷ್ಟೇ. ಮಾತು ಅವನೊಳಗೆ ಇಳಿಯುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎಡಗೈಯಲ್ಲಿ ಚಹಾದ ಪಾತ್ರೆ ಇಳಿಸುತ್ತಿದ್ದೆ. ಪಾತ್ರೆ ವಾಲಿತು. ಬಲಗೈಯ ಹೆಬ್ಬೆರಳು ಅದರ ಅಂಚಿಗೆ ತಗಲಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಎಳೆದುಕೊಂಡ ಮೇಲೆ ಯಾಕೆ ಎಳೆದುಕೊಂಡೆ ಎಂದು ತಿಳಿಯಿತು.

"ಅಪ್ಪಾ, ಉರೀತು," ಅಂದೆ.

ಅವನು ಹೊಸ್ತಿಲಲ್ಲಿ ಕೂತಿದ್ದ. ಎದ್ದು ಬಂದ. "ಖರೇನ?"

"ಖರೇನ. ಇನ್ನೂ ಉರಿಯಾಕತ್ತೈತಿ."

ಅಪ್ಪ ನನ್ನ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡದ ನೀರಿನೊಳಗೆ ಇಳಿಸಿದ. ಅವನ ಅಂಗೈ ಒರಟಾಗಿತ್ತು. ಹೆಬ್ಬೆರಳಿಗೆ ಅದೂ ಮಸುಕಾಗಿ ಗೊತ್ತಾಯಿತು. ಅವ್ವ ಒಲೆಯ ಹತ್ತಿರ ನಿಂತು ಅಳುತ್ತಿದ್ದಳು.

ಗೋಕಾಕದ ಡಾಕ್ಟರಿಗೆ ತೋರಿಸಿದೆವು. ಒಂದು ನರ ಎಚ್ಚರವಾಗಿದೆ, ಆದರೆ ಬೆರಳು ಬಿಚ್ಚುತ್ತವೆ ಎಂಬ ಆಸೆ ಬೇಡ ಎಂದರು. ನಾನೂ ಆಸೆ ಇಟ್ಟುಕೊಂಡಿಲ್ಲ. ಹೆಬ್ಬೆರಳಿನ ಬೊಬ್ಬೆ ಒಣಗಲು ಬಹಳ ದಿನ ಹಿಡಿಯಿತು. ಅಷ್ಟೂ ದಿನ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದವನು ಅಪ್ಪ.