ಹೊನ್ನಾವರದಲ್ಲಿ ಕೂತು ಪಿಚರ್‌ಗಳನ್ನು ಸಾಲು ಹಚ್ಚಿದ್ದು

ಹೊನ್ನಾವರದಲ್ಲಿ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆಯೇ ನನ್ನ ಮುಂದೆ ಅರವತ್ತು ಜನ ಗಂಡಸರ ಹೆಸರುಗಳಿದ್ದ ಹಾಳೆಯೊಂದನ್ನು ಇಟ್ಟರು. ಅವರಲ್ಲಿ ಒಬ್ಬನ ಮುಖವನ್ನೂ ನಾನು ಕಂಡಿರಲಿಲ್ಲ. ಅರ್ಧದಷ್ಟು ಹೆಸರುಗಳನ್ನು ಹೇಗೆ ಓದಬೇಕೆಂಬುದೂ ತಿಳಿಯುತ್ತಿರಲಿಲ್ಲ.

"ಸಂಜೆ ಒಳಗೆ ಇವರನ್ನ ಸಾಲು ಹಚ್ಚಬೇಕು. ಒಂದನೇ ನಂಬರ್ ಯಾರು, ಅರವತ್ತನೇ ನಂಬರ್ ಯಾರು ಅಂತ," ಎಂದರು ಕಚೇರಿಯ ಮಾಲೀಕರಾದ ಇಕ್ಬಾಲ್ ಭಾಯಿ.

"ಇವ್ರೆಲ್ಲ ಯಾರ್ರೀ?"

"ಅಮೆರಿಕದಲ್ಲಿ ಚೆಂಡು ಎಸಿತಾರೆ."

ಹೊರಗೆ ಜೂನ್ ತಿಂಗಳ ಮಳೆ. ಗದಗಿನಲ್ಲಿ ಮಳೆ ಬಂದರೆ ನಾವು ಬಾಗಿಲಿಗೆ ಬಂದು ನಿಂತು ನೋಡುತ್ತೇವೆ. ಇಲ್ಲಿ ಯಾರೂ ತಲೆ ಎತ್ತಿಯೂ ನೋಡಲಿಲ್ಲ. ತಗಡಿನ ಮಾಡಿನ ಮೇಲೆ ಬೀಳುವ ಸದ್ದಿಗೆ ಮಾತು ಅರ್ಧ ಕೇಳಿ ಅರ್ಧ ಮುಳುಗುತ್ತಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು, ಮೊದಲ ಹೆಸರಿನ ಅಕ್ಷರಗಳನ್ನು ಬೆರಳಿಟ್ಟು ಕೂಡಿಸತೊಡಗಿದೆ.

ಎರಡು ಸಾವಿರದ ಐದರ ಆಸುಪಾಸಿನ ಮಾತು ಇದು. ನಾನು ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಆ ಕೆಲಸ ಹೋಯಿತು. ಅವ್ವನಿಗೆ ಗದಗಿನಲ್ಲಿ ರೊಟ್ಟಿ ಖಾನಾವಳಿ. ಅಲ್ಲಿ ಹಿಟ್ಟು ನಾದುತ್ತ ಕೂತಿದ್ದಾಗ ಪತ್ರಿಕೆಯಲ್ಲಿ ಜಾಹೀರಾತು ಕಂಡಿತು: ಅಂಕಿಸಂಖ್ಯೆ ಬಲ್ಲವರು ಬೇಕು, ಕೆಲಸ ಹೊನ್ನಾವರದಲ್ಲಿ, ಸಂದರ್ಶನ ಭಟ್ಕಳದಲ್ಲಿ.

"ಭಟ್ಕಳಕ್ಕ? ಒಬ್ಬಾಕಿನ? ಪೇಪರ್ ಓದೂದಿಲ್ಲೇನ ನೀ?" ಎಂದು ನಮ್ಮ ಮಾಮ ಎದ್ದು ನಿಂತರು. ಅಲ್ಲಿನ ಗಲಭೆಗಳ ಸುದ್ದಿ ಓದಿದ್ದೆ. ಆದ್ದರಿಂದಲೇ ಬಸ್ಸಿನಲ್ಲಿ ಇಡೀ ದಾರಿ ಚೀಲವನ್ನು ಎದೆಗವಚಿಕೊಂಡು ಕೂತಿದ್ದೆ. ಸಂದರ್ಶನ ನಡೆದದ್ದು ಇಕ್ಬಾಲ್ ಭಾಯಿಯ ಮನೆಯ ಪಡಸಾಲೆಯಲ್ಲಿ. ಅವರ ತಾಯಿ ತಮ್ಮ ಮನೆಮಾತಾದ ನವಾಯತಿಯಲ್ಲಿ ಮಗನಿಗೆ ಏನೋ ಗದರಿಸಿದರು. ಕೆಲಸ ಕೊಡಬೇಡ ಎನ್ನುತ್ತಿದ್ದಾರೆಂದು ನನ್ನ ಜೀವ ಹಾರಿತು. ಆಮೇಲೆ ತಿಳಿಯಿತು, ದೂರದಿಂದ ಬಂದ ಹುಡುಗಿಗೆ ಮೊದಲು ಊಟ ಹಾಕದೆ ಪ್ರಶ್ನೆ ಕೇಳುತ್ತೀಯಲ್ಲ ಎಂದು ಬೈದದ್ದಂತೆ. ಹೆದರಿಕೆ ಒಮ್ಮೆ ಹೊಕ್ಕರೆ ಗೊತ್ತಿಲ್ಲದ ಭಾಷೆಯ ಮಾತೆಲ್ಲ ನಮ್ಮ ಮೇಲಿನ ಬೈಗುಳವಾಗಿ ಕೇಳಿಸುತ್ತದೆ.

ಕೆಲಸ ಏನೆಂಬುದನ್ನು ನಮ್ಮ ಕಡೆಯವರಿಗೆ ಇಂದಿಗೂ ತಿಳಿಸಿ ಹೇಳಲು ನನಗೆ ಸಾಧ್ಯವಾಗಿಲ್ಲ. ಅಮೆರಿಕದ ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಪಂದ್ಯದ ಮೊದಲ ಚೆಂಡಿನಿಂದ ಎಸೆಯಲು ನಿಲ್ಲುವವನು ಸ್ಟಾರ್ಟಿಂಗ್ ಪಿಚರ್. ಅದು ತೋಳನ್ನೇ ಕೀಳುವಂಥ ಕೆಲಸ, ಒಮ್ಮೆ ಎಸೆದವನಿಗೆ ನಾಲ್ಕು ದಿನ ವಿಶ್ರಾಂತಿ ಕೊಡುತ್ತಾರೆ. ಅಲ್ಲಿನ ಜನ ಮನೆಯಲ್ಲಿ ಕೂತು, ಬೇರೆಬೇರೆ ತಂಡಗಳಿಂದ ಆಟಗಾರರನ್ನು ಆರಿಸಿ ತಮ್ಮದೊಂದು ಕಲ್ಪನೆಯ ತಂಡ ಕಟ್ಟುತ್ತಾರೆ. ನಿಜವಾದ ಮೈದಾನದಲ್ಲಿ ಆ ಆಟಗಾರರು ಮಾಡಿದ್ದೆಲ್ಲ ಈ ಕಲ್ಪನೆಯ ತಂಡಕ್ಕೆ ಅಂಕವಾಗಿ ಬರುತ್ತದೆ. ಫ್ಯಾಂಟಸಿ ಬೇಸ್‌ಬಾಲ್ ಅಂದರೆ ಇದು. ಯಾವ ಪಿಚರ್‌ನನ್ನು ನಂಬಬೇಕು, ಯಾರನ್ನು ಬಿಡಬೇಕು ಎಂದು ಸಲಹೆ ಕೊಡುವ ಜಾಲತಾಣವೊಂದನ್ನು ಇಕ್ಬಾಲ್ ಭಾಯಿಯ ಚಿಕ್ಕಪ್ಪನ ಮಗ ಅಮೆರಿಕದಲ್ಲಿ ನಡೆಸುತ್ತಿದ್ದರು. ಅಲ್ಲಿ ಪಂದ್ಯ ಮುಗಿಯುವಾಗ ನಮಗೆ ಬೆಳಗು. ನಾವು ನಾಲ್ಕು ಜನ ಅಂಕಿಗಳನ್ನು ತೆಗೆದು, ಸೂತ್ರದಲ್ಲಿ ಹಾಕಿ, ಅವರು ಏಳುವ ಮೊದಲು ಪಟ್ಟಿ ಕಳಿಸಬೇಕು.

ಅವ್ವನಿಗೆ ಫೋನಿನಲ್ಲಿ 'ಪಿಚರ್ ಪಟ್ಟಿ' ಎಂದೆ. "ಪಿಚ್ಚರ್ ಮಂದಿ ಸಹವಾಸ ಬ್ಯಾಡವ್ವಾ," ಎಂದಳು.

ಇರಲು ಮನೆ ಸಿಕ್ಕಿದ್ದು ಶರಾವತಿಯ ಸೇತುವೆಯಾಚೆ, ಕಾಸರಕೋಡಿನಲ್ಲಿ. ಮನೆಯ ಒಡತಿ ನಾಗಮ್ಮ ಮೀನು ಮಾರುವವಳು. ಗಂಡ ಮಂಜಣ್ಣ ದೋಣಿಗೆ ಹೋಗುವವನು. ಗಂಡಹೆಂಡತಿ ಕೊಂಕಣಿ ಮಾತಾಡುತ್ತಿದ್ದರು, ನನ್ನ ಹತ್ತಿರ ಕನ್ನಡ. ನಾನು ಮೀನು ಮುಟ್ಟದವಳೆಂದು ತಿಳಿದು ನಾಗಮ್ಮ ಹಿತ್ತಿಲ ಚಿಕ್ಕ ಕೋಣೆಯಲ್ಲಿ ನನಗೆ ಬೇರೆ ಒಲೆ ಮಾಡಿಕೊಟ್ಟಳು. "ವಾಸನೆಗೆ ಎಂತ ಮಾಡೂಕೆ ಆಗ್ತಿಲ್ಲ ತಂಗಿ. ಅದು ಬಾಡಿಗೆ ಇಲ್ಲದೇ ಇರ್ತದೆ," ಎಂದಳು. ಅವ್ವ ಕಳಿಸಿದ ಜೋಳದ ಹಿಟ್ಟಿಗೆ ಹತ್ತು ದಿನದಲ್ಲಿ ಬೂಷ್ಟು ಹಿಡಿಯಿತು. ನಮ್ಮಲ್ಲಿ ತಿಂಗಳಿಟ್ಟರೂ ಏನೂ ಆಗದ ಹಿಟ್ಟು. ಅದನ್ನು ಚೆಲ್ಲುವಾಗ ಅತ್ತದ್ದು ಹಿಟ್ಟಿಗಾಗಿ ಅಲ್ಲವೆಂದು ನನಗೂ ಗೊತ್ತಿತ್ತು. ಆ ದಿನದಿಂದ ಕುಚ್ಚಲಕ್ಕಿ ಅನ್ನ, ಮುರುಗಲ ಹುಳಿಯ ಸಾರು.

ಭಾಷೆ ಅದೇ ಕನ್ನಡವೆಂದು ನಂಬಿ ಬಂದಿದ್ದೆ. ಕಚೇರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ವಿನಾಯಕ ಇಡಗುಂಜಿ ಕಡೆಯವನು. ಅವನು ಮನೆಗೆ ಫೋನು ಮಾಡಿ "ಇಲ್ಲಿ ಕರೆಂಟ್ ಇದ್ದು" ಎಂದು ನಿಲ್ಲಿಸುತ್ತಿದ್ದ. ಕರೆಂಟ್ ಇದ್ದು ಏನಾಯಿತು ಎಂದು ನಾನು ಮುಂದಿನ ಮಾತಿಗೆ ಕಾಯುತ್ತಿದ್ದೆ. ಮುಂದೇನೂ ಇರಲಿಲ್ಲ. ಅವರಿಗೆ 'ಇದ್ದು' ಎಂದರೆ ಇದೆ, ಅಲ್ಲಿಗೆ ವಾಕ್ಯ ಮುಗಿಯಿತು. ಗದಗಿನವರೂ ಇಲ್ಲಿನವರೂ ಒಂದೇ ರೀತಿ ಹೇಳುವ ಮಾತೆಂದರೆ 'ಆತು'. ಮೊದಲ ತಿಂಗಳು ಯಾರು ಏನು ಹೇಳಿದರೂ ನಾನು ಆತು ಎನ್ನುತ್ತಿದ್ದೆ.

ಎಲ್ಲಕ್ಕಿಂತ ಹೆದರಿದ್ದು ಶರಾವತಿಯ ಸೇತುವೆಗೆ. ಅಷ್ಟು ಅಗಲದ ನೀರನ್ನು ನಾನು ನೋಡಿಯೇ ಇರಲಿಲ್ಲ. ದಿನಾ ಬೆಳಿಗ್ಗೆ ಬಸ್ಸು ಸೇತುವೆ ಹತ್ತಿದೊಡನೆ ಕಣ್ಣು ಮುಚ್ಚುತ್ತಿದ್ದೆ. ಎದುರಿನಿಂದ ಲಾರಿ ಬಂದರೆ ಸೇತುವೆ ಅದುರುವುದು ಸೀಟಿನಲ್ಲೇ ತಿಳಿಯುತ್ತಿತ್ತು. ಪಶ್ಚಿಮಕ್ಕೆ ನದಿ ಸಮುದ್ರ ಸೇರುವ ಜಾಗ. ಅದಕ್ಕೆ ಇಲ್ಲಿ ಅಳಿವೆ ಎನ್ನುತ್ತಾರೆ. ದೋಣಿಗಳು ಮಗುಚುವುದು ಹೆಚ್ಚಾಗಿ ಅಲ್ಲೇ ಎಂದು ಕಂಡಕ್ಟರ್ ಯಾರಿಗೋ ಹೇಳಿದ್ದನ್ನು ಕೇಳಿದ ಮೇಲೆ ಆ ಕಡೆ ಮುಖ ಮಾಡಿ ಕೂರುವುದನ್ನೂ ಬಿಟ್ಟೆ.

ಜುಲೈ ಹೊತ್ತಿಗೆ ಹೆಸರುಗಳು ಪರಿಚಯವಾದವು. ಎದುರಿನವನಿಗೆ ಮೂರು ಸಲ ಚೆಂಡು ತಪ್ಪಿಸಿ ಔಟ್ ಮಾಡಿದರೆ ಸ್ಟ್ರೈಕೌಟ್. ನಾಲ್ಕು ಚೆಂಡು ಅಡ್ಡಾದಿಡ್ಡಿ ಎಸೆದು ಅವನಿಗೆ ಪುಕ್ಕಟೆ ಜಾಗ ಬಿಟ್ಟುಕೊಟ್ಟರೆ ವಾಕ್. ನಮ್ಮ ಮಾಮ ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ, ಗೊರಸು ಎತ್ತಿ ನೋಡುತ್ತಾರೆ. ನಾನು ಮನುಷ್ಯರನ್ನು ನೋಡದೆಯೇ ಬೆಲೆ ಕಟ್ಟಬೇಕಿತ್ತು. ಆದರೂ ಅಂಕಿಗಳನ್ನು ದಿನಾ ನೋಡುತ್ತಿದ್ದರೆ ಅವುಗಳ ಹಿಂದೆ ಒಂದು ತೋಳು ಕಾಣತೊಡಗುತ್ತದೆ. ದಣಿದ ತೋಳು, ಸುಳ್ಳು ಹೇಳುವ ತೋಳು.

ಎಡಗೈಯ ಒಬ್ಬನಿದ್ದ. ವಿನಾಯಕ ಅವನಿಗೆ ಎಡಚ ಎಂದು ಹೆಸರಿಟ್ಟಿದ್ದ. ಸೂತ್ರದ ಪ್ರಕಾರ ಅವನು ಎರಡನೇ ನಂಬರ್. ಎದುರಾಳಿಗಳಿಗೆ ಓಟಗಳನ್ನೇ ಬಿಡುತ್ತಿರಲಿಲ್ಲ. ಆದರೆ ಹಿಂದಿನ ಮೂರು ಪಂದ್ಯಗಳಲ್ಲಿ ಅವನ ಸ್ಟ್ರೈಕೌಟ್ ಇಳಿಯುತ್ತ, ವಾಕ್ ಏರುತ್ತ ಬಂದಿತ್ತು. ಓಟ ಬರದಿದ್ದುದು ಬರೀ ಅದೃಷ್ಟ. ಈ ಕೈಗೆ ಏನೋ ಆಗಿದೆ ಎಂದು ನನಗೆ ಖಚಿತವಾಗಿ ಅನಿಸಿತು. ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ. ಬೇಸ್‌ಬಾಲ್ ಮೈದಾನ ಹೇಗಿರುತ್ತದೆಂದು ಕಾಣದವಳು, ಬಂದು ಎರಡು ತಿಂಗಳಾಗದವಳು, ತಪ್ಪಾದರೆ ವಾಪಸು ಹೋಗಿ ಮಾಮನ ಮುಂದೆ ನಿಲ್ಲಬೇಕಾದವಳು. ಎಡಚನನ್ನು ಎರಡರಲ್ಲೇ ಬಿಟ್ಟು ಪಟ್ಟಿ ಕಳಿಸಿದೆ.

ಮರುದಿನ ಅವನು ಕೆಲವೇ ಚೆಂಡು ಎಸೆದು ಮೊಣಕೈ ಹಿಡಿದುಕೊಂಡು ಮೈದಾನದಿಂದ ಹೊರಗೆ ನಡೆದ. ಆ ವರ್ಷ ಮತ್ತೆ ಆಡಲಿಲ್ಲ.

ಅಮೆರಿಕದಿಂದ ಫೋನು ಬಂತು. ಇಕ್ಬಾಲ್ ಭಾಯಿ ನಿಂತುಕೊಂಡೇ ಕೇಳಿಸಿಕೊಂಡರು. "ಹೌದು, ನಾನೇ ನೋಡಿದ್ದು. ನನ್ನ ತಪ್ಪು," ಎಂದು ಎರಡು ಸಲ ಹೇಳಿದರು. ಫೋನಿಟ್ಟು ನಮ್ಮ ಕಡೆ ತಿರುಗಿದರು. "ಗಿರಾಕಿಗಳು ಬಿಟ್ಟು ಹೋಗ್ತಿದ್ದಾರಂತೆ. ಇನ್ನೊಂದು ಸಲ ಹೀಗಾದ್ರೆ ಈ ಕೆಲಸ ಬೇರೆ ಊರಿಗೆ ಹೋಗ್ತದೆ."

ಯಾರೂ ನನ್ನನ್ನು ನೋಡಲಿಲ್ಲ. ಯಾಕೆ ನೋಡಬೇಕು? ನನಗೆ ಗೊತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಆ ಮೇಲಿನ ದಿನಗಳಲ್ಲಿ ಕಚೇರಿಯ ಫೋನು ಗಂಟೆ ಬಾರಿಸಿದರೆ ಮೊದಲು ಇಕ್ಬಾಲ್ ಭಾಯಿಯ ಮುಖ ನೋಡುತ್ತಿದ್ದೆ. ಕುಮಟಾದಿಂದ ಕಂಪ್ಯೂಟರ್ ರಿಪೇರಿಯವನು ಬಂದರೂ ಯಂತ್ರಗಳನ್ನು ಒಯ್ಯಲು ಬಂದನೆಂದೇ ಎಣಿಸುತ್ತಿದ್ದೆ.

ಆಗಸ್ಟಿನಲ್ಲಿ ನೂಲು ಹುಣ್ಣಿಮೆ ಕಳೆದು, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ದೋಣಿಗಳು ಮತ್ತೆ ಹೊರಡುವ ಕಾಲ ಬಂತು. ಮಂಜಣ್ಣ ಬಲೆ ಹೊತ್ತು ಅಂಗಳಕ್ಕಿಳಿದಿದ್ದ. ನಾನು ಬಸ್ಸಿಗೆ ಹೊರಟಿದ್ದೆ. ನಾಗಮ್ಮ ಅವನ ಎದುರು ಬಂದು ನಿಂತು, ನನಗೂ ಕೇಳಲಿ ಎಂಬಂತೆ ಕನ್ನಡದಲ್ಲೇ ಮಾತೆತ್ತಿದಳು.

"ಇವತ್ತು ಬ್ಯಾಡ. ಅಳಿವೆ ಬಾಯಲ್ಲಿ ನೀರು ಸಮ ಇಲ್ಲೆ."

"ಎಲ್ಲಾರೂ ಹೊರಟಾರೆ. ನಂದೊಬ್ಬಂದೇ ಎಂತ?"

"ನಂಗೆ ಹೆದ್ರಿಕೆ ಆಗ್ತದೆ. ನೀ ಹೋಗೂದು ಬ್ಯಾಡ."

ಅವನು ಬಲೆಯನ್ನು ನೆಲಕ್ಕೆ ಒಗೆದು, ಕೊಂಕಣಿಯಲ್ಲಿ ಏನೋ ಹೇಳಿ ಒಳಗೆ ಹೋದ. ಸಂಜೆ ನಾನು ಬರುವಾಗ ಹೋದ ದೋಣಿಗಳೆಲ್ಲ ತಿರುಗಿ ಬಂದಿದ್ದವು, ಬುಟ್ಟಿಬುಟ್ಟಿ ಬಂಗಡೆ. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ದಡದಲ್ಲಿ ಗಂಡಸರು ಮಂಜಣ್ಣನಿಗೆ ಸೀರೆ ಉಡು ಎಂದು ನಗುತ್ತಿದ್ದರು. ನಾಗಮ್ಮ ಅವರ ನಡುವೆಯೇ ಕೂತು, ಬೇರೆಯವರ ಮೀನನ್ನು ತನ್ನ ಬುಟ್ಟಿಗೆ ತುಂಬಿಸಿಕೊಳ್ಳುತ್ತಿದ್ದಳು.

"ನಾಚಿಕಿ ಆಗ್ಲಿಲ್ಲೇನು ಅಕ್ಕಾ?" ಎಂದು ಕೇಳಿದೆ.

"ಆತು. ಆಗ್ದೇ ಎಂತ?" ಎಂದಳು ಮೀನಿನಿಂದ ಕಣ್ಣು ತೆಗೆಯದೆ. "ಹೆದ್ರಿಕೆ ಆಗಿತ್ತು, ಹೇಳ್ದೆ. ನಾಳೆ ಆದ್ರೆ ನಾಳೆನೂ ಹೇಳ್ತೆ."

ಮರುದಿನ ನಾನು ಇಕ್ಬಾಲ್ ಭಾಯಿಯ ಮೇಜಿನ ಮುಂದೆ ಹೋಗಿ ನಿಂತೆ. ಎಡಚನ ಮೂರು ಪಂದ್ಯಗಳ ಅಂಕಿಗಳನ್ನು ತೋರಿಸಿದೆ. "ನನಗ ಗೊತ್ತಿತ್ರೀ. ಅಂಜಿ ಹೇಳಲಿಲ್ಲ," ಎಂದೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ.

ಅವರು ಮೂರೂ ಪಂದ್ಯಗಳ ಅಂಕಿಗಳ ಮೇಲೆ ಬೆರಳಾಡಿಸಿದರು. "ನೀನು ಹೇಳಿದ್ರೂ ನಾನು ಕೇಳ್ತಿದ್ನಾ ಅಂತ ನಂಗೇ ಗೊತ್ತಿಲ್ಲ," ಎಂದರು. "ಇನ್ನು ಮುಂದೆ ಸೂತ್ರದ ನಂಬರ್ ಒಂದು ಕಡೆ ಬರಿ. ನಿನ್ನ ನಂಬರ್ ಇನ್ನೊಂದು ಕಡೆ. ಯಾವುದು ಕಳಿಸಬೇಕು ಅಂತ ಇಬ್ಬರೂ ಕೂತು ನೋಡುವ."

ಸೆಪ್ಟೆಂಬರ್ ಕೊನೆಯ ವಾರಗಳು ಅಲ್ಲಿ ಸೋಲುಗೆಲುವು ತೀರ್ಮಾನವಾಗುವ ಹೊತ್ತು. ಪಟ್ಟಿಯ ಮೊದಲ ಸ್ಥಾನದಲ್ಲಿದ್ದವನ ಅಂಕಿಗಳಲ್ಲಿ ನನಗೆ ಮತ್ತೆ ಅದೇ ಇಳಿತ ಕಂಡಿತು. ನನ್ನ ಕಾಲಮ್ಮಿನಲ್ಲಿ ಅವನಿಗೆ ಇಪ್ಪತ್ತೆಂಟು ಎಂದು ಬರೆದೆ. ಇಕ್ಬಾಲ್ ಭಾಯಿ ತುಟಿ ಕಚ್ಚಿ, ನನ್ನ ನಂಬರನ್ನೇ ಕಳಿಸಿದರು. ಮಾರನೆಯ ಬೆಳಿಗ್ಗೆ ಫಲಿತಾಂಶದ ಪುಟ ತೆರೆದುಕೊಂಡಿತು. ಅವನು ಒಂದು ಓಟವನ್ನೂ ಬಿಡದೆ ಇಡೀ ಪಂದ್ಯ ಎಸೆದಿದ್ದ. ವಿನಾಯಕ ನನ್ನ ಕಡೆ ನೋಡಲಾಗದೆ ಕೀಲಿಮಣೆಯ ಧೂಳು ಒರೆಸತೊಡಗಿದ. ಹತ್ತು ನಿಮಿಷದೊಳಗೆ ಫೋನು ಬಂತು. ಈ ಸಲ ಇಕ್ಬಾಲ್ ಭಾಯಿ ಅದನ್ನು ನನ್ನ ಕೈಗೆ ಕೊಟ್ಟರು.

"ಅವನನ್ನು ಇಳಿಸಿದ್ದು ಯಾರು?" ಆ ಕಡೆಯಿದ್ದ ಅವರ ಚಿಕ್ಕಪ್ಪನ ಮಗನ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. ಹಿಂದಿ, ಇಂಗ್ಲಿಷು, ನಡುವೆ ಮರೆತುಹೋಗುತ್ತಿದ್ದ ಕನ್ನಡ.

"ನಾನು."

"ಅವನು ಚೆನ್ನಾಗಿ ಎಸೆದ."

"ಹೌದ್ರಿ. ನಾನು ತಪ್ಪಿದೆ."

"ಮುಂದಿನ ಪಂದ್ಯಕ್ಕೆ ಎಲ್ಲಿ ಇಡ್ತೀರಿ?"

ಆತು, ಮೇಲಕ್ಕೆ ಹಾಕುತ್ತೇನೆ ಎಂದರೆ ಮುಗಿಯುತ್ತಿತ್ತು. ಕೋಣೆಯ ನಾಲ್ಕೂ ಜನರ ಅನ್ನ ನನ್ನ ನಾಲಗೆಯ ಮೇಲಿತ್ತು. "ಅಲ್ಲೇ," ಎಂದೆ. "ಇಪ್ಪತ್ತೆಂಟಕ್ಕೆ. ನನಗಿನ್ನೂ ಅಂಜಿಕಿ ಹೋಗಿಲ್ಲ."

ಅವರು ಫೋನಿಟ್ಟರು.

ಮುಂದಿನ ಐದು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಸೇತುವೆಯ ಮೇಲೆ ಕಣ್ಣು ಮುಚ್ಚುವುದನ್ನೂ ಮರೆತೆ. ಐದನೆಯ ದಿನ ಫಲಿತಾಂಶ ಬಂದಾಗ ವಿನಾಯಕನೇ ಮೊದಲು ನೋಡಿದ. ಎರಡನೇ ಸುತ್ತಿನಲ್ಲೇ ಅವನ ಚೆಂಡುಗಳು ದಿಕ್ಕು ತಪ್ಪಿ, ಓಟಗಳು ಹರಿದು, ಅವನು ಭುಜ ಹಿಡಿದುಕೊಂಡು ಹೊರಗೆ ಹೋಗಿದ್ದ. "ನೀನು ಹೇಳಿದ್ದೇ ಆತು," ಎಂದ ವಿನಾಯಕ, ಮೆಲ್ಲಗೆ. ನಾನು ಎದ್ದು ಹಿಂದಿನ ಮೆಟ್ಟಿಲಿಗೆ ಹೋಗಿ ಕೂತೆ. ಗೆದ್ದೆ ಎಂದು ಅನಿಸಲೇ ಇಲ್ಲ. ಮುಖ ನೋಡದ ಒಬ್ಬ ಮನುಷ್ಯನ ಭುಜ ಮುರಿಯಲೆಂದು ಐದು ದಿನ ಕಾದವಳ ಹಾಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೆಲಸ ಮಾತ್ರ ಹೊನ್ನಾವರದಲ್ಲೇ ಉಳಿಯಿತು. ಮುಂದಿನ ವರ್ಷ ಪಟ್ಟಿಯ ಪಕ್ಕದಲ್ಲಿ ನನ್ನ ಅಂಜಿಕೆಗಳಿಗೆಂದೇ ಒಂದು ಸಾಲು ಸೇರಿತು. ಅಲ್ಲಿನವರು ಮೊದಲು ಓದುವುದು ಅದನ್ನೇ ಎಂದು ಇಕ್ಬಾಲ್ ಭಾಯಿ ಹೇಳುತ್ತಿದ್ದರು. ನನ್ನ ಜನ್ಮದ ಪುಕ್ಕಲುತನ ಒಂದು ಉದ್ಯೋಗವಾಯಿತೆಂದು ಮಾಮನಿಗೆ ಹೇಗೆ ಹೇಳಲಿ?

ಮೂರನೆಯ ವರ್ಷ, ಅಲ್ಲಿ ಆಟವಿಲ್ಲದ ಚಳಿಗಾಲದಲ್ಲಿ, ಗದಗಿಗೆ ಬಂದೆ. ಒಣ ಗಾಳಿ, ಬಿಸಿ ರೊಟ್ಟಿ, ಪುಂಡಿಪಲ್ಯ. ಖಾನಾವಳಿಯ ಗದ್ದಲ ಇಳಿದ ಮಧ್ಯಾಹ್ನ ಹಿತ್ತಿಲಲ್ಲಿ ಒರಗಿದವಳಿಗೆ ತಟ್ಟನೆ ಎಚ್ಚರವಾಯಿತು. ಮಳೆಯಿಲ್ಲ, ಸಮುದ್ರದ ಸದ್ದಿಲ್ಲ, ಮೌನವೇ ಏನೋ ಆಗಿಹೋದದ್ದರ ಹಾಗೆ ಕೇಳಿಸಿತು. ನಾಗಮ್ಮನಿಗೆ ಫೋನು ಹಚ್ಚಿದೆ.

"ಮಂಜಣ್ಣ ದೋಣಿಗೆ ಹೋಗ್ಯಾನ?"

"ಹೋಗಿ ಬಂದ, ಉಂಡ, ಮನಗಿದ. ನಿಂಗೆ ಎಂತ ಆತು?" ಎಂದಳು. "ಎಲ್ಲಿದ್ದಿ ನೀನು? ಮನೆಗೆ ಬಂದ್ಯಾ?"

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಇವಳೇನು ಹೇಳುತ್ತಾಳೆಂದು ಕೇಳಲು ನಿಂತವಳಂತೆ.

"ಇಲ್ಲಕ್ಕಾ, ಮನಿಗೆ ಇನ್ನೂ ಬಂದಿಲ್ಲ," ಎಂದೆ. "ಗದಗಿನ್ಯಾಗ ಇದ್ದೀನಿ."

ಅವ್ವ ಒಳಗೆ ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದಳು.