ಬಂದವರು ಹತ್ತು, ಕೊಡ ಒಂಬತ್ತು

ನಾಲ್ಕು ನೆಟ್ಟ ಗೆರೆ, ಅವುಗಳ ಮೇಲೊಂದು ಅಡ್ಡಗೆರೆ. ಹೀಗೆ ಐದೈದಾಗಿ ಲೆಕ್ಕ ಇಡುವ ಚಟ ನನಗೆ ಯಾವಾಗ ಅಂಟಿತೋ, ಆ ದಿನಾಂಕವೊಂದನ್ನು ಮಾತ್ರ ನಾನು ಬರೆದಿಟ್ಟಿಲ್ಲ. ಮಿಜಾರಿನಿಂದ ಮೂಡಬಿದ್ರೆಗೆ ಬರುವ ಬಸ್ಸು ದಾರಿಯಲ್ಲಿ ಎಷ್ಟು ಸಲ ನಿಂತಿತು, ನಾನು ಗುಮಾಸ್ತನಾಗಿರುವ ವಾಚನಾಲಯದಲ್ಲಿ ಪತ್ರಿಕೆ ಓದುವ ನೆಪದಲ್ಲಿ ಎಷ್ಟು ಮಂದಿ ತೂಕಡಿಸಿದರು, ಎಲ್ಲವೂ ನನ್ನ ಡೈರಿಯಲ್ಲಿದೆ. ಇದನ್ನೆಲ್ಲ ಯಾರು ಓದುತ್ತಾರೆಂದು ನೀವು ಕೇಳಬಹುದು. ನಾನೂ ಓದುವುದಿಲ್ಲ. ಆದರೆ ಹೋದ ವರ್ಷ ಅದರ ಒಂದು ಪುಟವನ್ನು ಊರ ಹಿರಿಯರ ಮುಂದೆ ಗಟ್ಟಿಯಾಗಿ ಓದುವ ಯೋಗ ಬಂತು.

ಪೇಟೆಯಾಚೆಯ ಗದ್ದೆಯಲ್ಲಿ ಟೆಂಟು ಹಾಕಿದ್ದ ಸಿನಿಮಾದವರು ಒಂದು ಹಿಂದಿ ಚಿತ್ರ ತಂದಿದ್ದರು. ಮೈ ಮಾರಿ ಬದುಕುವ ಹೆಂಗಸರ ಕತೆಯಂತೆ ಎಂಬ ಸುದ್ದಿ ಚಿತ್ರದ ಪೆಟ್ಟಿಗೆಗಿಂತ ಮೊದಲೇ ಊರು ತಲುಪಿತ್ತು. ಟೆಂಟಿನೊಳಗೆ ಗಂಡಸರ ಬದಿ, ಹೆಂಗಸರ ಬದಿ ಎಂದು ನಡುವೆ ಬಟ್ಟೆಯ ಪರದೆ. ಹಿರಿಯರ ಒತ್ತಾಯಕ್ಕೆ ಹೆಂಗಸರ ಬದಿಯನ್ನು ಮುಚ್ಚಲಾಯಿತು. ಬಂದ ಒಂದು ಚಿತ್ರವನ್ನೂ ತಪ್ಪಿಸಿಕೊಳ್ಳದ ನನ್ನ ಅಕ್ಕ ಸರೋಜ, ಜೊತೆಯಲ್ಲಿ ಬೀಡಿ ಕಟ್ಟುವ ಗೆಳತಿಯರನ್ನು ಕೂಡಿಕೊಂಡು ಹಿರಿಯರ ಪೈಕಿ ಹಿರಿಯರಾದ ಸಂಕಪ್ಪ ಶೆಟ್ಟರ ಚಾವಡಿಗೇ ನಡೆದಳು.

“ನೀವು ನೋಡಿದ್ದೀರಾ ಶೆಟ್ರೆ?”

“ಛೆ, ನಾನು ಯಾಕೆ ನೋಡ್ಲಿ?”

“ನೋಡದೆ ಕೆಟ್ಟದ್ದು ಅಂತ ಹೇಗೆ ಗೊತ್ತಾಯ್ತು?”

ಶೆಟ್ಟರು ಸಿಕ್ಕಿಬಿದ್ದರು. ನೋಡಿದರೆ ಮರ್ಯಾದೆಗೆ ಕುಂದು, ನೋಡದಿದ್ದರೆ ಮಾತಿಗೆ ಕುಂದು. ಯಾರಾದರೂ ಒಬ್ಬರು ನೋಡಿ ಬಂದು ವರದಿ ಒಪ್ಪಿಸಲಿ, ಆಮೇಲೆ ತೀರ್ಮಾನ ಎಂದಾಯಿತು. ನನ್ನ ಹೆಸರು ಬಂದಾಗ ಒಬ್ಬರು, “ಮದುವೆಯಾಗದ ಹುಡುಗನನ್ನು ಕಳಿಸುವುದಾ?” ಎಂದು ಗಾಬರಿಯಾದರು.

“ಅವನನ್ನೇ ಕಳಿಸುವ ಮಾರಾಯ್ರೆ,” ಎಂದರು ಶೆಟ್ಟರು. “ಅವನ ಕಣ್ಣಿಗೆ ಲೆಕ್ಕ ಬಿಟ್ರೆ ಬೇರೆ ಎಂಥದೂ ಕಾಣುವುದಿಲ್ಲ.”

ಇದು ಹೊಗಳಿಕೆಯೋ ಅಲ್ಲವೋ ಎಂದು ನಾನಿನ್ನೂ ನಿರ್ಧರಿಸಿಲ್ಲ.

ಮನೆಯಲ್ಲೇ ಡೈರಿಯ ಪುಟಕ್ಕೆ ಗೀಟು ಹಾಕಿ ‘ಅಸಭ್ಯ ಉಡುಗೆ’, ‘ಅಸಭ್ಯ ಕುಣಿತ’, ‘ಆಲಿಂಗನ’ ಎಂಬ ಮೂರು ತಲೆಬರಹ ಬರೆದುಕೊಂಡು ಹೋದೆ. ಆರಂಭದಲ್ಲೊಂದು ಕುಣಿತ ಬಂತು. ಬಹಳ ಯೋಚಿಸಿ ಒಂದು ಗೆರೆ ಎಳೆದೆ. ಆಮೇಲೆ ಅರ್ಧ ಗಂಟೆ ನನ್ನ ಪೆನ್ಸಿಲಿಗೆ ಕೆಲಸವೇ ಇಲ್ಲ. ನನ್ನ ಹಿಂದಿಯೋ ಪರೀಕ್ಷೆ ಪಾಸಾಗುವಷ್ಟು ಮಾತ್ರ; ಮಾತು ಅರ್ಥವಾಗದಿದ್ದುದರಿಂದ ಕಣ್ಣು ಚುರುಕಾಯಿತು. ಚಿತ್ರದ ನಾಯಕಿಗೆ ಏಳೆಂಟು ವರ್ಷದ ಮಗಳು. ಗಂಡಸೊಬ್ಬ ಬಾಗಿಲು ಬಡಿದಾಗಲೆಲ್ಲ ತಾಯಿ ಮಗಳ ಕೈಗೆ ಕೊಡ ಕೊಟ್ಟು ಬಾವಿಗೆ ಕಳಿಸುತ್ತಾಳೆ. ಮನೆಯ ಹಂಡೆ, ಬಿಂದಿಗೆ ಎಲ್ಲ ತುಂಬಿ ತುಳುಕುತ್ತಿವೆ. ಆದರೂ ಹುಡುಗಿ ತುಂಬಿದ ಕೊಡವನ್ನೇ ಅಂಗಳದಲ್ಲಿ ಚೆಲ್ಲಿ ಮತ್ತೆ ನೀರಿಗೆ ಹೋಗುತ್ತಾಳೆ. ನಾನು ಮೂರೂ ತಲೆಬರಹ ಹೊಡೆದು ಹಾಕಿ ‘ಬಂದವರು’, ‘ಕೊಡ’ ಎಂದು ಬರೆದುಕೊಂಡೆ.

ಮರುದಿನ ಚಾವಡಿಯಲ್ಲಿ ಹಿರಿಯರು, ಜಗಲಿಯಲ್ಲಿ ಅಕ್ಕನ ಪಡೆ. ನಾನು ನಿಂತು ಓದಿದೆ: ಕುಣಿತ ಒಂದು, ಆಲಿಂಗನ ಇಲ್ಲ, ಬಂದವರು ಹತ್ತು, ಕೊಡ ಒಂಬತ್ತು. ಕೊಡದ ವಿಷಯ ವಿವರಿಸಿದ್ದೇ ತಡ, ಶೆಟ್ಟರು ತಟ್ಟನೆ ಹಿಡಿದರು.

“ಹತ್ತು ಜನಕ್ಕೆ ಹತ್ತು ಕೊಡ ಆಗ್ಬೇಕಲ್ಲ? ಒಂದು ಬಿಟ್ಟುಹೋಯ್ತು. ನಿನ್ನ ಕಣ್ಣು ಎಲ್ಲಿತ್ತು ಮಾರಾಯ?”

ಎಲ್ಲರೂ ನಕ್ಕರು. ನನ್ನ ಲೆಕ್ಕ ತಪ್ಪೆಂದದ್ದು ನನಗೆ ಚೆನ್ನಾಗಿಯೇ ನಾಟಿತು.

“ಬಿಟ್ಟದ್ದಲ್ಲ ಶೆಟ್ರೆ. ಹತ್ತನೆಯವ ಬಾಗಿಲು ಬಡಿದಾಗ ಹುಡುಗಿ ತಾನಾಗಿಯೇ ಕೊಡ ಎತ್ತಿಕೊಂಡ್ಳು. ತಾಯಿ ಅದನ್ನು ತೆಗೆದು ಕೆಳಗಿಟ್ಳು. ಬಾಗಿಲು ತೆಗೀಲೇ ಇಲ್ಲ. ಮಗಳನ್ನು ಕೂರಿಸಿಕೊಂಡು ಜಡೆ ಹಾಕಿದ್ಳು.”

ನಗು ನಿಂತಿತು. ಶೆಟ್ಟರು ವೀಳ್ಯದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು, ಅದರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

“ಬಡಿದವ ಏನು ಮಾಡಿದ?” ಎಂದರು.

“ಬಡಿದು ಬಡಿದು ಹೋದ.”

“ಆ ಹತ್ತನೆಯದನ್ನು ನಾವೂ ನೋಡ್ಬೇಕು ಶೆಟ್ರೆ,” ಎಂದಿತು ಜಗಲಿಯಿಂದ ಅಕ್ಕನ ಧ್ವನಿ.

“ನೋಡಿ ಮಾರಾಯ್ತಿ. ನಮ್ಮ ಮನೆಯವಳನ್ನೂ ಕರ್ಕೊಂಡು ಹೋಗಿ.”

ಹುಡುಕಬೇಕಾದ್ದಕ್ಕೆ ಮನೆಯಲ್ಲೇ ಹೆಸರಿಟ್ಟುಕೊಂಡು ಹೊರಟಿದ್ದ ನನಗೆ, ಕಂಡದ್ದನ್ನು ಎಣಿಸಲು ಆ ಹೆಸರುಗಳನ್ನೇ ಅಳಿಸಬೇಕಾಯಿತಲ್ಲ ಎಂದು ಈಗಲೂ ನಗು ಬರುತ್ತದೆ.

ಬುಧವಾರದ ಮೊದಲ ಆಟಕ್ಕೆ ಹೆಂಗಸರ ಬದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಬದಿಯ ಕುರ್ಚಿಯೊಂದರಲ್ಲಿ, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, “ಮನೆಯವಳನ್ನು ವಾಪಸು ಕರ್ಕೊಂಡು ಹೋಗ್ಬೇಕಲ್ಲ, ಅದಕ್ಕೆ ಬಂದದ್ದು” ಎಂದು ಕೇಳದವರಿಗೂ ಹೇಳುತ್ತ ಶೆಟ್ಟರು ಕೂತಿದ್ದರು. ನಾನು ನನ್ನ ಲೆಕ್ಕವನ್ನು ಇನ್ನೊಮ್ಮೆ ತಾಳೆ ನೋಡಲು ಡೈರಿಯಲ್ಲಿ ಹೊಸ ಪುಟ ತೆರೆದೆ. ಹತ್ತನೆಯ ಬಡಿತಕ್ಕೆ ಪರದೆಯಾಚೆಯಿಂದ ಅಕ್ಕನ ಧ್ವನಿ ಕೇಳಿತು: “ತೆಗೀಬೇಡ ಮಾರಾಯ್ತಿ!” ಮರುಕ್ಷಣ ಹೆಂಗಸರ ಬದಿಯಿಡೀ ಅದನ್ನೇ ಕೂಗಿತು. ಈಚೆಯಿಂದ ಒಂದು ದಪ್ಪ ದನಿ, “ತೆಗೀಬೇಡ ಮಗಾ!” ಎಂದಿತು. ತಿರುಗಿ ನೋಡಿದರೆ ಶೆಟ್ಟರು ಎದ್ದು ನಿಂತಿದ್ದಾರೆ, ಕೊಡೆ ನೆಲದಲ್ಲಿದೆ.

ಬುಧವಾರದ ಆ ಪುಟ ಈಗಲೂ ನನ್ನ ಡೈರಿಯಲ್ಲಿದೆ. ‘ಬಂದವರು’ ಸಾಲಿನಲ್ಲಿ ಮೊದಲ ಐದು ಸರಿಯಾಗಿವೆ. ಎರಡನೆಯ ಕಟ್ಟಿನಲ್ಲಿ ನಾಲ್ಕೇ ನೆಟ್ಟ ಗೆರೆ, ಮೇಲೆ ಅಡ್ಡಗೆರೆಯಿಲ್ಲ. ಎಳೆಯುವ ಹೊತ್ತಿಗೆ ನಾನೂ ಕೂಗುತ್ತಿದ್ದೆ.